10,000 ಲ್ಯೂಮೆನ್ ಸೈಕಲ್ ಲೈಟ್: ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಕತ್ತಲಾದ ಮೇಲೆ ಮಣ್ಣು ದಾರಿಯಲ್ಲಿ ಮೌಂಟನ್ ಬೈಕ್ ಓಡಿಸೋಣ ಅಂತ ಲೈಟ್ ಹುಡುಕುತ್ತಿದ್ದೀರಾ? ಹಾಗಾದರೆ ಇದು ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಐದು ಕಣ್ಣಿನ ದಪ್ಪ ತಲೆ, ಕಪ್ಪು ಚೀಲದಲ್ಲಿ ಬೇರೆಯೇ ಬ್ಯಾಟರಿ, ನಡುವೆ ಒಂದು ವೈರು. ಪೆಟ್ಟಿಗೆ ಮೇಲೆ "10,000 ಲ್ಯೂಮೆನ್, 12,000 ಎಂಎಎಚ್, 6 ಗಂಟೆ". ಲ್ಯೂಮೆನ್ ಅಂದರೆ ಬೆಳಕಿನ ಅಳತೆ, ಎಂಎಎಚ್ ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ. ಬೆಲೆ ಎರಡು ಸಾವಿರಕ್ಕೂ ಕಡಿಮೆ. ದಯವಿಟ್ಟು ಕೊಳ್ಳಬೇಡಿ. ಹೇಳಿದಷ್ಟು ಬೆಳಕು ಬರಲ್ಲ ಅನ್ನೋದು ನನ್ನ ದೊಡ್ಡ ದೂರೇನಲ್ಲ. ಬೆಳಕು ಕಡಿಮೆ ಇದ್ದರೆ ನಿಧಾನಕ್ಕೆ ಹೋಗಬಹುದು. ಇದು ಹೇಳದೆ ಕೇಳದೆ ಆರಿಹೋಗುತ್ತದೆ.

ನನ್ನದು ಆರಿದ್ದು ಇಳಿಜಾರಿನಲ್ಲಿ. ದೊಡ್ಡಬಳ್ಳಾಪುರ ರಸ್ತೆಯಲ್ಲಿ ರಾಜಾನುಕುಂಟೆ ದಾಟಿ ಒಳಗೆ ತಿರುಗಿದರೆ ನೀಲಗಿರಿ ತೋಪು, ರಾಗಿ ಹೊಲಗಳ ನಡುವೆ ಬಂಡಿ ಜಾಡುಗಳಿವೆ. ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಆರು ಗಂಟೆ ಹೊತ್ತಿಗೆ ಸೂರ್ಯ ಮುಳುಗುತ್ತದೆ. ಏಳಕ್ಕೆಲ್ಲ ಅಲ್ಲಿ ಗವ್ವೆನ್ನುವ ಕತ್ತಲು. ಆ ಜಾಡಿನ ನಡುವೆ ಮಳೆನೀರು ಕೊರೆದ ಒಂದು ಕೊರಕಲು ಇದೆ, ಕೆಲವು ಕಡೆ ಮೊಣಕಾಲುದ್ದ. ಅದರ ಎಡದಂಚಿನಲ್ಲಿ ಒಂದು ಟೈರು ಹಿಡಿಯುವಷ್ಟು ಗಟ್ಟಿ ನೆಲ. ಹಗಲಲ್ಲಿ ಯಾರು ಬೇಕಾದರೂ ಇಳಿಸಬಹುದು.

ಅರ್ಧ ಇಳಿದಿದ್ದೆ. ಬ್ಯಾಟರಿಯ ಸಣ್ಣ ದೀಪ ಹಸಿರಾಗೇ ಇತ್ತು. ಮಂಕಾಗಲಿಲ್ಲ, ಮಿಣುಕಲಿಲ್ಲ, ಸುಮ್ನೆ ಆರಿಹೋಯಿತು. ಹಿಂದೆ ಗೆಳೆಯನೊಬ್ಬ ಬರುತ್ತಿದ್ದ, ಅವನ ಲೈಟ್ ಚೆನ್ನಾಗೇ ಉರಿಯುತ್ತಿತ್ತು. ಆದರೆ ಹಿಂದಿನವರ ಬೆಳಕು ಉಪಯೋಗಕ್ಕೆ ಬರಲ್ಲ. ಅದು ನಮ್ಮದೇ ನೆರಳನ್ನು ತಂದು ನಮ್ಮ ಮುಂದಿನ ಚಕ್ರದ ಮುಂದೆ ಹಾಕುತ್ತದೆ. ಸುತ್ತ ಎಲ್ಲ ಕಾಣುತ್ತಿತ್ತು, ನೀಲಗಿರಿ ಬೊಡ್ಡೆ, ಬದಿಯ ಲಂಟಾನ ಪೊದೆ, ಎಲ್ಲ. ಚಕ್ರ ಎಲ್ಲಿ ಹೋಗಬೇಕೋ ಆ ಜಾಗ ಮಾತ್ರ ಕಪ್ಪು. ಚಕ್ರ ಕೊರಕಲಿಗೆ ಇಳಿಯಿತು, ನಾನು ಎಡಗೈ ಊರಿ ಬಿದ್ದೆ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಪ್ಲಾಸ್ಟರ್, ರಜೆ, ಮನೆಯವರ ಬೈಗುಳ, ಎಲ್ಲ ಯಥಾಪ್ರಕಾರ.

ಬಿದ್ದಲ್ಲೇ ಕೂತು ಬಟನ್ ಒತ್ತಿದರೆ ಲೈಟ್ ಹತ್ತಿತು! ಮತ್ತೆ ಹಸಿರು ದೀಪ, ಮತ್ತೆ ಜೋರು ಬೆಳಕು. ಸ್ವಲ್ಪ ಹೊತ್ತಿಗೆ ಮತ್ತೆ ಢಮಾರ್. ಬಿದ್ದದ್ದಕ್ಕಿಂತ ಇದೇ ನನಗೆ ಜಾಸ್ತಿ ಕೋಪ ತರಿಸಿತು.

ಕೈ ಸ್ವಲ್ಪ ಸರಿಯಾದ ಮೇಲೆ ಆ ಬ್ಯಾಟರಿ ಹಿಡಿದುಕೊಂಡು ಎಸ್.ಪಿ. ರೋಡ್‌ಗೆ ಹೋದೆ. ಬ್ಯಾಟರಿ ರಿಪೇರಿ ಮಾಡುವ ಹಿರಿಯರೊಬ್ಬರು ನೀಲಿ ಪ್ಲಾಸ್ಟಿಕ್ ಹೊದಿಕೆಯನ್ನು ಬ್ಲೇಡಿನಿಂದ ಸೀಳಿದರು. ಒಳಗೆ ನಾಲ್ಕು ಸೆಲ್, 18650 ಅನ್ನುವ ಜಾತಿ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಅದಕ್ಕೇ ಆ ನಂಬರು. ಅವರು ಮೀಟರ್ ಹಚ್ಚುವ ಮೊದಲೇ ಒಂದು ಸೆಲ್ ಅಂಗೈಯಲ್ಲಿಟ್ಟು ತೂಗಿ ನೋಡಿ ನಕ್ಕರು. ಆಮೇಲೆ ತಕ್ಕಡಿಗೆ ಹಾಕಿದರು. 30 ಗ್ರಾಂ ಚಿಲ್ಲರೆ. ಒಳ್ಳೆ ಕಂಪನಿಯ ಸೆಲ್ 45ರಿಂದ 48 ಗ್ರಾಂ ತೂಗುತ್ತದೆ. ಹಗುರ ಇದ್ದರೆ ಒಳಗೆ ಮಾಲು ಕಡಿಮೆ ಅಂತಲೇ ಅರ್ಥ. ಪೂರ್ತಿ ಚಾರ್ಜ್ ಮಾಡಿ ಖಾಲಿಯಾಗುವವರೆಗೆ ಅಳೆದಾಗ ನಾಲ್ಕರಲ್ಲಿ ಒಂದೂ 1000 ಎಂಎಎಚ್ ಮುಟ್ಟಲಿಲ್ಲ. ಒಂದಂತೂ ಉಳಿದವುಗಳ ಅರ್ಧಕ್ಕೇ ನಿಂತಿತು.

ನನ್ನನ್ನು ಬೀಳಿಸಿದ್ದು ಆ ಒಂದು ಸೆಲ್. ಇಂಥ ಪ್ಯಾಕ್‌ಗಳಲ್ಲಿ ಎರಡೆರಡು ಸೆಲ್‌ಗಳ ಜೋಡಿ ಮಾಡಿ, ಆ ಎರಡು ಜೋಡಿಗಳನ್ನು ಒಂದರ ಹಿಂದೆ ಒಂದು ಸೇರಿಸಿರುತ್ತಾರೆ. ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್. ಒಂದು ಜೋಡಿ ಸೊರಗಿದರೆ ಇನ್ನೊಂದರಲ್ಲಿ ಎಷ್ಟು ಚಾರ್ಜ್ ಇದ್ದರೂ ಪ್ರಯೋಜನ ಇಲ್ಲ. ಜೋರು ಬೆಳಕಿಗೆ ಜಾಸ್ತಿ ಕರೆಂಟ್ ಎಳೆದಾಗ ಸೊರಗಿದ ಜೋಡಿಯ ವೋಲ್ಟೇಜ್ ಕುಸಿಯುತ್ತದೆ, ಒಳಗಿನ ರಕ್ಷಣಾ ಸರ್ಕ್ಯೂಟ್ ಫಟ್ ಅಂತ ಕತ್ತರಿಸುತ್ತದೆ. ಲೈಟ್ ಆರಿದ ತಕ್ಷಣ ಭಾರ ಇಳಿದು ವೋಲ್ಟೇಜ್ ಮತ್ತೆ ಮೇಲೇರುತ್ತದೆ. ಹಸಿರು ದೀಪ ನೋಡೋದು ಬರೀ ವೋಲ್ಟೇಜನ್ನು. ಅದಕ್ಕೆ ಎಲ್ಲ ಸರಿಯಾಗೇ ಕಾಣುತ್ತದೆ. ಒಳ್ಳೆ ಲೈಟುಗಳು ಹೀಗೆ ಮಾಡಲ್ಲ. ಚಾರ್ಜ್ ಕಡಿಮೆಯಾದಾಗ ಮೊದಲು ತಾವೇ ಬೆಳಕು ಇಳಿಸಿಕೊಳ್ಳುತ್ತವೆ, ಮನೆ ಸೇರುವಷ್ಟು ಮಂದ ಬೆಳಕು ಉಳಿಸಿಕೊಳ್ಳುತ್ತವೆ. ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆ ಇದು: ಬ್ಯಾಟರಿ ಮುಗಿಯುವಾಗ ಈ ಲೈಟ್ ಏನು ಮಾಡುತ್ತದೆ? ಅಂಗಡಿಯವರಿಗೆ ಗೊತ್ತಿಲ್ಲ ಅಂದರೆ ಇನ್ನೊಂದು ಅಂಗಡಿ ನೋಡಿ.

ಇನ್ನು ಆ ಪೆಟ್ಟಿಗೆಯ ಲೆಕ್ಕ. ಅದರ ಸುಳ್ಳು ಹಿಡಿಯಲು ಲ್ಯಾಬ್ ಬೇಡ, ಗುಣಾಕಾರ ಭಾಗಾಕಾರ ಸಾಕು. ಹೆಸರಾಂತ ಕಂಪನಿಗಳ ಅತಿ ದೊಡ್ಡ 18650 ಸೆಲ್‌ಗಳು 3500 ಎಂಎಎಚ್ ಆಸುಪಾಸಿನಲ್ಲಿವೆ. ಜೋಡಿಯ ಎರಡು ಸೇರಿದರೆ 7000. ಜೋಡಿಗಳನ್ನು ಒಂದರ ಹಿಂದೆ ಒಂದು ಸೇರಿಸಿದರೆ ಹೆಚ್ಚೋದು ವೋಲ್ಟೇಜ್ ಮಾತ್ರ, ಎಂಎಎಚ್ ಅಲ್ಲ. ಅಂದ ಮೇಲೆ ನಾಲ್ಕು ಸೆಲ್‌ನ 8.4 ವೋಲ್ಟ್ ಪ್ಯಾಕ್‌ನಲ್ಲಿ 12,000 ಎಲ್ಲಿಂದ ಬಂತು? ಸರಿ, ಪ್ಯಾಕ್ ನಿಜವಾಗಿಯೂ ಒಳ್ಳೆಯದೇ ಅಂದುಕೊಳ್ಳೋಣ. ಒಂದು ಸೆಲ್‌ಗೆ 12ರಿಂದ 13 ವಾಟ್-ಅವರ್ (ಎಷ್ಟು ವಾಟ್ ಅನ್ನು ಎಷ್ಟು ಗಂಟೆ ಕೊಡಬಲ್ಲದು ಅನ್ನುವ ಗುಣಾಕಾರ), ನಾಲ್ಕಕ್ಕೆ ಸುಮಾರು 50. ಸೈಕಲ್ ಲೈಟಿನ ಎಲ್‌ಇಡಿ ಒಂದು ವಾಟಿಗೆ ಹೆಚ್ಚುಕಡಿಮೆ 100ರಿಂದ 150 ಲ್ಯೂಮೆನ್ ಕೊಡುತ್ತದೆ. 10,000 ಲ್ಯೂಮೆನ್ ಬೇಕೆಂದರೆ 70ರಿಂದ 100 ವಾಟ್ ಬೇಕು. ಅಂದರೆ 50 ವಾಟ್-ಅವರ್ ಬ್ಯಾಟರಿ ಮುಕ್ಕಾಲು ಗಂಟೆಯೂ ಬರಲ್ಲ. ಪೆಟ್ಟಿಗೆ ಆರು ಗಂಟೆ ಅನ್ನುತ್ತದೆ. ಎರಡರಲ್ಲಿ ಒಂದಾದರೂ ಸುಳ್ಳಾಗಿರಲೇಬೇಕು. ನನ್ನದರಲ್ಲಿ ಎರಡೂ ಸುಳ್ಳು.

ಇನ್ನೊಂದು ಅಳತೆ ಬೇಕಾದರೆ ಕಾರಿನದು ತಗೊಳ್ಳಿ. ಹಳೆ ಕಾರುಗಳ ಎಚ್4 ಹ್ಯಾಲೊಜೆನ್ ಬಲ್ಬ್ ಡಿಮ್‌ನಲ್ಲಿ ಸುಮಾರು 1000 ಲ್ಯೂಮೆನ್, ಬ್ರೈಟ್‌ನಲ್ಲಿ ಸುಮಾರು 1650. ಹತ್ತು ಸಾವಿರ ಅಂದರೆ ಆರು ಬಲ್ಬ್ ಒಟ್ಟಿಗೆ ಬ್ರೈಟ್ ಹಾಕಿದ ಹಾಗೆ. ಮುಷ್ಟಿ ಗಾತ್ರದ ತಲೆಯಿಂದ, ಎರಡು ಸಾವಿರ ರೂಪಾಯಿಗೆ!

ಹಾಗಾದರೆ ಎಷ್ಟು ಬೇಕು? ನಮ್ಮ ಕಡೆಯ ಬಂಡಿ ಜಾಡಿಗೆ ಹ್ಯಾಂಡಲ್ ಮೇಲೆ ನಿಜವಾದ 1000 ಲ್ಯೂಮೆನ್ ಇದ್ದರೆ ಧಾರಾಳ. "ನಿಜವಾದ" ಅನ್ನೋದನ್ನು ಹೇಗೆ ತಿಳಿಯೋದು ಅಂದರೆ, ಪೆಟ್ಟಿಗೆ ಮೇಲೆ ಎಫ್‌ಎಲ್1 ಗುರುತು ಇದೆಯಾ ನೋಡಿ. ಅದು ಅಮೆರಿಕದ ಟಾರ್ಚ್ ತಯಾರಕರು ಒಪ್ಪಿಕೊಂಡಿರುವ ಅಳತೆಯ ಕ್ರಮ. ಅದರಲ್ಲೂ ಒಂದು ಸೂಕ್ಷ್ಮ ಇದೆ. ಎಫ್‌ಎಲ್1 ಪ್ರಕಾರ ಬರೆದ ಸಮಯ ಅಂದರೆ, ಬೆಳಕು ಶುರುವಿನ ಶೇಕಡಾ 10ಕ್ಕೆ ಇಳಿಯುವವರೆಗಿನ ಸಮಯ. ಮೂರು ಗಂಟೆ ಅಂತ ಬರೆದಿದ್ದರೆ ಮೂರೂ ಗಂಟೆ ಅದೇ ಬೆಳಕು ಅಂತ ತಿಳಿಯಬೇಡಿ. ಒಳ್ಳೆ ಕಂಪನಿಗಳು ಗಂಟೆಗಂಟೆಗೆ ಬೆಳಕು ಹೇಗೆ ಇಳಿಯುತ್ತದೆ ಅನ್ನುವ ಗೆರೆಚಿತ್ರ ಕೊಡುತ್ತವೆ. ನಾನಾದರೆ ಲ್ಯೂಮೆನ್ ಬಿಟ್ಟು ಮೊದಲು ಅದನ್ನೇ ನೋಡುತ್ತೇನೆ.

ಒಂದು ದೊಡ್ಡ ಲೈಟಿಗಿಂತ ಎರಡು ಸಾಧಾರಣ ಲೈಟ್ ವಾಸಿ. ಒಂದು ಹ್ಯಾಂಡಲ್‌ಗೆ, ಒಂದು ಹೆಲ್ಮೆಟ್‌ಗೆ, ಬ್ಯಾಟರಿ ಬೇರೆ ಬೇರೆ. ಒಂದು ಕೈಕೊಟ್ಟರೂ ಇನ್ನೊಂದಿರುತ್ತದೆ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ಓಡಿಸಿ ನೋಡಿದವರಿಗೇ ಗೊತ್ತು. ಹೆಲ್ಮೆಟ್ ಲೈಟ್ ಕಣ್ಣಿನ ಪಕ್ಕದಲ್ಲೇ ಇರುವುದರಿಂದ ಕಲ್ಲು, ಹಳ್ಳದ ನೆರಳು ನಮಗೆ ಕಾಣಲ್ಲ. ನೆಲವೆಲ್ಲ ಚಪ್ಪಟೆ ಅನ್ನಿಸುತ್ತದೆ, ಎರಡು ಇಂಚಿನ ಕಲ್ಲೂ ಆರು ಇಂಚಿನ ಕಲ್ಲೂ ಒಂದೇ ಥರ. ಹ್ಯಾಂಡಲ್ ಲೈಟ್ ಕೆಳಗಿನಿಂದ ಬೀಳುವುದರಿಂದ ಪ್ರತಿ ಕಲ್ಲಿನ ಹಿಂದೆ ನೆರಳು ಮೂಡುತ್ತದೆ, ಏರುತಗ್ಗು ಗೊತ್ತಾಗುತ್ತದೆ. ಆದರೆ ಅದು ಹ್ಯಾಂಡಲ್ ತಿರುಗಿದ ಕಡೆಗೆ ಮಾತ್ರ ನೋಡುತ್ತದೆ, ತಿರುವಿನ ಆಚೆ ಏನಿದೆ ಅಂತ ತೋರಿಸಲ್ಲ. ಅದಕ್ಕೆ ತಲೆ ಮೇಲಿನದು ಬೇಕು. ಹ್ಯಾಂಡಲ್‌ಗೆ ಅಗಲ ಬೆಳಕು, ಹೆಲ್ಮೆಟ್‌ಗೆ ಸ್ವಲ್ಪ ಕಿರಿದಾಗಿ ದೂರ ಹೋಗುವ ಬೆಳಕು. ಮಂಜು ಅಥವಾ ಧೂಳು ಇದ್ದಾಗ ಮಾತ್ರ ಹೆಲ್ಮೆಟ್ ಲೈಟ್ ಆಫ್ ಮಾಡಿ, ಇಲ್ಲದಿದ್ದರೆ ಬೆಳಕು ಚದುರಿ ಕಣ್ಣಿಗೇ ವಾಪಸ್ ಹೊಡೆಯುತ್ತದೆ. ಮೊದಲ ಮಳೆ ಬಿದ್ದ ಸಂಜೆಯೂ ಅಷ್ಟೇ, ಗೆದ್ದಲು ಹುಳ ಎದ್ದು ನೇರ ಮುಖಕ್ಕೇ ಬರುತ್ತವೆ. ಬಾಯಿ ಮುಚ್ಚಿಕೊಂಡು ಓಡಿಸಿ.

ಜರ್ಮನಿಯ ರಸ್ತೆ ನಿಯಮದ ಪ್ರಕಾರ ಮಾಡಿದ ಸೈಕಲ್ ಲೈಟುಗಳು ಇಲ್ಲೂ ಸಿಗುತ್ತವೆ, ಎಸ್‌ಟಿವಿಝಡ್‌ಓ ಅಂತ ಬರೆದಿರುತ್ತದೆ. ಎದುರಿನವರ ಕಣ್ಣಿಗೆ ಹೊಡೆಯದಂತೆ ಮೇಲಿನ ಬೆಳಕನ್ನು ಕತ್ತರಿಸಿರುತ್ತಾರೆ. ಆಫೀಸಿಗೆ ಹೋಗಿಬರಲು ಬಹಳ ಒಳ್ಳೆಯದು. ತೋಪಿನೊಳಗೆ ಬೇಡ, ಎದೆ ಮಟ್ಟಕ್ಕೆ ಚಾಚಿದ ಜಾಲಿ ಕೊಂಬೆ ಕಾಣುವುದೇ ಇಲ್ಲ.

ಬಟನ್ ಬಗ್ಗೆ ಯಾರೂ ಹೇಳಲ್ಲ, ನಾನು ಹೇಳುತ್ತೇನೆ. ನನ್ನ ಆ ಲೈಟಿಗೆ ಇದ್ದದ್ದು ಒಂದೇ ಬಟನ್. ಒತ್ತುತ್ತಾ ಹೋದರೆ ಜೋರು, ಮಂದ, ಆಮೇಲೆ ಮಿಣಮಿಣ, ಆಮೇಲೆ ಮತ್ತೆ ಜೋರು. ಮಂದದಿಂದ ಜೋರಿಗೆ ಹೋಗಲು ಮಿಣಮಿಣ ದಾಟಲೇಬೇಕು. ಇಳಿಯುತ್ತಿರುವಾಗ ದಾರಿ ಒಂದು ಸೆಕೆಂಡಿನಲ್ಲಿ ಹತ್ತಾರು ಸಲ ಮಾಯವಾಗಿ ಮರಳುವುದನ್ನು ನೀವೇ ಕಲ್ಪಿಸಿಕೊಳ್ಳಿ. ಮಿಣುಕುವ ಬೆಳಕು ಬೇರೆ ಒತ್ತಿಗೆ ಇರಬೇಕು, ಅಥವಾ ಇರಲೇಬಾರದು.

ಲೈಟನ್ನು ಸೈಕಲ್ಲಿಗೆ ಕೂರಿಸುವ ಹಿಡಿಕೆಯನ್ನೂ ಅಲ್ಲಾಡಿಸಿ ನೋಡಿ. ಈಗಿನ ಮೌಂಟನ್ ಬೈಕ್ ಹ್ಯಾಂಡಲ್ ನಡುವೆ 31.8 ಅಥವಾ 35 ಮಿ.ಮೀ. ದಪ್ಪ ಇರುತ್ತದೆ. ರಬ್ಬರ್ ಉಂಗುರ ಎಳೆದು ಸಿಕ್ಕಿಸುವ ಲೈಟ್ ಅದರ ಮೇಲೆ ನಿಲ್ಲಲ್ಲ, ನಾಲ್ಕು ಕುಲುಕಾಟಕ್ಕೆ ಮೂಗು ಕೆಳಗೆ ಮಾಡುತ್ತದೆ. ಸ್ಕ್ರೂ ಹಾಕಿ ಬಿಗಿಯುವ ಲೋಹದ ಹಿಡಿಕೆಯೇ ಬೇಕು. ನೀರಿನ ವಿಷಯದಲ್ಲಿ ಐಪಿಎಕ್ಸ್4 ಅಂದರೆ ಸಿಡಿದ ನೀರು ತಡೆಯುತ್ತದೆ, ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯಬೇಕು. ನಮ್ಮ ಮಳೆಗೆ ಮೊದಲನೆಯದು ಸಾಕು, ವೈರ್ ಸೇರುವ ಜಾಗ ಗಟ್ಟಿಯಾಗಿದ್ದರೆ.

ಈಗಾಗಲೇ ಇಂಥ ಲೈಟ್ ತಗೊಂಡಿದ್ದರೆ, ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಪೂರ್ತಿ ಚಾರ್ಜ್ ಮಾಡಿ, ಟೇಬಲ್ ಫ್ಯಾನ್ ಮುಂದೆ ಇಟ್ಟು, ಅತಿ ಜೋರು ಬೆಳಕಿಗೆ ಹಾಕಿ ಗಡಿಯಾರ ನೋಡಿ. ಫ್ಯಾನ್ ಮರೆಯಬೇಡಿ, ಓಡುವಾಗ ಸಿಗುವ ಗಾಳಿ ಇಲ್ಲದಿದ್ದರೆ ಎಂಥ ಲೈಟೂ ಕಾದುಹೋಗುತ್ತದೆ. ಬಿಟ್ಟು ಬೇರೆ ಕೆಲಸಕ್ಕೂ ಹೋಗಬೇಡಿ. ಹೇಗೆ ಆರುತ್ತದೆ ಅನ್ನೋದನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಬ್ಯಾಟರಿಯನ್ನು ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. ನಾಲ್ಕು ಸೆಲ್ ಪ್ಯಾಕ್ 180 ಗ್ರಾಂ ಕೂಡ ತೂಗದಿದ್ದರೆ ಒಳಗೇನಿದೆ ಅಂತ ನೋಡುವುದೇ ಬೇಡ. ಬ್ಯಾಟರಿ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ನಂಬರ್, ಐಎಸ್ 16046 ಅಂತ ಇದೆಯಾ ಅನ್ನೋದನ್ನೂ ನೋಡಿ. ನನ್ನದರ ಮೇಲೆ ಏನೂ ಇರಲಿಲ್ಲ.

ಮಾರಿದವರಿಗೆ ನಾನು ದೂರು ಕೊಟ್ಟಾಗ "ಮಣ್ಣು ದಾರಿಯಲ್ಲಿ ಓಡಿಸಿದ್ದೀರಿ, ವಾರಂಟಿ ಅನ್ವಯಿಸಲ್ಲ" ಅಂದರು. ಪೆಟ್ಟಿಗೆ ಮೇಲೆ ಮೌಂಟನ್ ಬೈಕಿನ ಚಿತ್ರ ಇದೆ, ಸ್ವಾಮಿ! ಅದರ ಫೋಟೊ ಕಳಿಸಿದ ಮೇಲೆ ಉತ್ತರವೇ ಬರಲಿಲ್ಲ. ಐದು ಸ್ಟಾರ್ ಕೊಟ್ಟವರ ಅಭಿಪ್ರಾಯಗಳನ್ನು ಆಮೇಲೆ ಕೂತು ಓದಿದೆ. ಬಹುತೇಕ ಎಲ್ಲರೂ ಟೆರೇಸಿನಿಂದ ಎದುರು ಮನೆ ಗೋಡೆಗೆ ಬೆಳಕು ಬಿಟ್ಟು ನೋಡಿ ಬರೆದವರು. ಹಾಗೆ ನೋಡಿದರೆ ಯಾವ ಲೈಟಾದರೂ ಜಗಜಗಿಸುತ್ತದೆ.

ಅಂದಹಾಗೆ, ತುರಹಳ್ಳಿ, ಅವಲಹಳ್ಳಿ ಅರಣ್ಯ ಇಲಾಖೆಯ ಜಾಗಗಳು. ಲೈಟ್ ಎಷ್ಟೇ ಒಳ್ಳೆಯದಿರಲಿ, ಕತ್ತಲಾದ ಮೇಲೆ ಅಲ್ಲಿಗೆ ಹೋಗುವಂತಿಲ್ಲ. ಬನ್ನೇರುಘಟ್ಟದ ಕಡೆ ಆನೆ, ಚಿರತೆ ಓಡಾಡುತ್ತವೆ. ಊರ ಪಕ್ಕದ ಜಾಡಿನಲ್ಲೂ ರಾತ್ರಿ ಕೊಳಕುಮಂಡಲ ಮಲಗಿರಬಹುದು, ಒಬ್ಬರೇ ಹೋಗಬೇಡಿ. ವಾಪಸ್ ಬರುವಾಗ ಟಾರು ರಸ್ತೆ ಸಿಕ್ಕ ತಕ್ಷಣ ಲೈಟಿನ ಮೂಗು ಕೆಳಗೆ ಮಾಡಿ, ಎದುರಿನ ಬೈಕಿನವನಿಗೂ ದಾರಿ ಕಾಣಬೇಕಲ್ವಾ.

ದೂರು ಕೊಡುವವರಿಗೆ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್‌ನಲ್ಲಿ ಮಾರಿದವರು ದೂರು ಸಿಕ್ಕಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಪೆಟ್ಟಿಗೆ ಎಸೆಯಬೇಡಿ, ಬಿಲ್ಲಿನ ಜೊತೆ ಅದೇ ನಿಮ್ಮ ಸಾಕ್ಷಿ. ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ, ಗಾಡಿಯಲ್ಲೇ ಹೊತ್ತಿಕೊಳ್ಳಬಹುದು, ಇ-ತ್ಯಾಜ್ಯ ತಗೊಳ್ಳುವವರಿಗೇ ಕೊಡಿ. ಅದರ ಜೊತೆ ಬಂದ ಚಾರ್ಜರನ್ನೂ ಕೊಟ್ಟುಬಿಡಿ. ಪಿನ್ ಕೂರುತ್ತದೆ ಅಂತ ಅದನ್ನು ಬೇರೆ ಬ್ಯಾಟರಿಗೆ ಹಾಕುವವರನ್ನು ನೋಡಿದ್ದೇನೆ. ಅಗ್ಗದ ಚಾರ್ಜರ್‌ಗಳು 8.4 ವೋಲ್ಟ್‌ಗೆ ನಿಲ್ಲುತ್ತವೆ ಅನ್ನುವ ಖಾತ್ರಿ ಇಲ್ಲ. ನನ್ನದನ್ನು ಎಸ್.ಪಿ. ರೋಡಿನ ಆ ಹಿರಿಯರು ಮೀಟರಿಗೆ ಹಚ್ಚಿ ನೋಡಿ, ವೈರ್ ಕತ್ತರಿಸಿಯೇ ನನ್ನ ಕೈಗೆ ಕೊಟ್ಟರು.