ಮುಂಬೈ ಮನೆಗೆ ಒಂದೇ ಪೇಪರ್: ಕನ್ನಡದ್ದಾ, ಮರಾಠಿಯದ್ದಾ?

ಮುಂಬೈನಿಂದಲೇ ಹೊರಬರುವ ‘ಕರ್ನಾಟಕ ಮಲ್ಲ’, ಇಲ್ಲವೇ 1970ರಲ್ಲಿ ಮಣಿಪಾಲದಲ್ಲಿ ಶುರುವಾದ ‘ಉದಯವಾಣಿ’ಯ ಮುಂಬೈ ಆವೃತ್ತಿ ತರಿಸಿದರೆ ನಮ್ಮವರ, ಅಂದರೆ ಮುಂಬೈ ಕನ್ನಡಿಗರ, ಸುದ್ದಿ ಸಿಗುತ್ತದೆ. ಸಂಘದ ಸಭೆ, ಯಕ್ಷಗಾನ, ವಿದ್ಯಾರ್ಥಿವೇತನದ ಪ್ರಕಟಣೆ, ಯಾರೋ ತೀರಿಕೊಂಡ ಸುದ್ದಿ. ಡೊಂಬಿವಲಿಯವರು ಮಾಟುಂಗಾದ ಕಾರ್ಯಕ್ರಮಕ್ಕೆ ಬರುವುದು ಇಂಥ ನಾಲ್ಕು ಸಾಲು ಓದಿಯೇ. ಊರಿಡೀ ಚದುರಿದ ಜನರನ್ನು ಒಟ್ಟಿಗೆ ಹಿಡಿದಿಡುವುದು ದೊಡ್ಡ ಕೆಲಸ.

ಮರಾಠಿ ಪೇಪರ್‌ಗಳಾದ, 1948ರಲ್ಲಿ ಶುರುವಾದ ‘ಲೋಕಸತ್ತಾ’, 1962ರಲ್ಲಿ ಶುರುವಾದ ‘ಮಹಾರಾಷ್ಟ್ರ ಟೈಮ್ಸ್’ ಬೇರೆ ಥರ. ನೀರು ಕಡಿತ, ಪಾಲಿಕೆಯ ಜಗಳ, ಹಳೆ ಕಟ್ಟಡಗಳ ಮರುನಿರ್ಮಾಣ. ಅಂದರೆ ನೀವು ವೋಟು ಹಾಕುವ ಊರಿನ ವಿಚಾರ ಜಾಸ್ತಿ. ಸಂಪಾದಕೀಯವನ್ನು ಮಾತ್ರ ಸುಮ್ನೆ ನಂಬಬೇಡಿ, ಅದು ಯಾವ ಭಾಷೆಯದ್ದೇ ಇರಲಿ.

ಮನೆಯಲ್ಲಿ ಕನ್ನಡ ಕಲಿಯುವ ಮಕ್ಕಳಿದ್ದರೆ ನಾನು ಕನ್ನಡ ಪೇಪರನ್ನೇ ಆರಿಸುತ್ತೇನೆ. ಮರಾಠಿ ಸುದ್ದಿ ಮೊಬೈಲಲ್ಲೂ ಓದಬಹುದು, ಅಲ್ವಾ?