ಮಂಡ್ಯದಲ್ಲಿ 150 ಸಿಸಿ ಬೈಕಿಗೆ ಆಯಿಲ್ ಕೂಲರ್: ಕಿಟ್ ಸುಮಾರು, ಕೂರಿಸಿದ ಕೆಲಸ ಬಲು ಚೆನ್ನ

ನಾನು ಕೇಬಲ್, ಫೈಬರ್ ನೆಟ್ ಕೆಲಸದವನು. ಹಿಂದಿನ ಸೀಟಿನಲ್ಲಿ ಕೇಬಲ್ ಸುರುಳಿ, ಪಕ್ಕದಲ್ಲಿ ಟೂಲ್ ಬ್ಯಾಗು, ಮಂಡ್ಯದಿಂದ ಪಾಂಡವಪುರ, ಮೇಲುಕೋಟೆ ಕಡೆಗೆ ಓಡಾಟ. ಮೈಸೂರಿಗೆ ಹೋಗಬೇಕೆಂದರೆ ಸರ್ವಿಸ್ ರಸ್ತೆಯೇ ಗತಿ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡುವುದಿಲ್ಲ ಅಲ್ವಾ. ಬೇಸಿಗೆಯಲ್ಲಿ ಜಕ್ಕನಹಳ್ಳಿ ದಾಟಿ ಮೇಲುಕೋಟೆ ಏರು ಹತ್ತುವಷ್ಟರಲ್ಲಿ ಇಂಜಿನ್ ಸದ್ದೇ ಬದಲಾಗುತ್ತಿತ್ತು. ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಕಟಕಟ ಅನ್ನುತ್ತಿತ್ತು, ನ್ಯೂಟ್ರಲ್ ಬೀಳುತ್ತಿರಲಿಲ್ಲ. ಎಣ್ಣೆ ಕಾದು ತೆಳುವಾದರೆ ಹೀಗೇ.

ಅದಕ್ಕೇ ಆಯಿಲ್ ಕೂಲರ್, ಅಂದರೆ ಇಂಜಿನ್ ಎಣ್ಣೆಯನ್ನು ಗಾಳಿಯಿಂದ ತಣಿಸುವ ಸಣ್ಣ ರೇಡಿಯೇಟರ್, ಹಾಕಿಸಿದೆ. ಹಾಕಿಸಿದ್ದು ಗುತ್ತಲು ರಸ್ತೆಯ ಒಂದು ಗ್ಯಾರೇಜಿನಲ್ಲಿ. ಅಲ್ಲಿನ ಅಣ್ಣನಿಗೆ ಕಿಟ್ ಕೊಟ್ಟರೆ ಅದನ್ನು ಬೆಂಚಿನ ಮೇಲಿಟ್ಟು, ಮೊದಲು ಸಿಲಿಂಡರಿನ ಫಿನ್‌ಗಳ (ಬಿಸಿ ಹೊರಹಾಕುವ ತೆಳು ಲೋಹದ ಪದರಗಳು) ನಡುವೆ ಒಣಗಿ ಕೂತಿದ್ದ ಕೆಸರು ತೆಗೆದರು. ಪ್ಲಗ್ ಬಿಚ್ಚಿ ಬಣ್ಣ ನೋಡಿ, ಕಾರ್ಬುರೇಟರ್ ಸರಿ ಮಾಡಿದರು. ‘ಇದೆಲ್ಲ ಸರಿ ಇಲ್ದೆ ಕೂಲರ್ ಹಾಕಿದ್ರೆ ಕಾಸು ದಂಡ ಕಣಪ್ಪ. ಸ್ವಲ್ಪ ದಿನ ಓಡಿಸ್ಕೊಂಡು ಬಾ’ ಅಂತ ಕಳಿಸಿಬಿಟ್ಟರು. ಬಿಸಿ ಒಂಚೂರು ತಗ್ಗಿತು. ಹೊರೆ ಹೊತ್ತು ಏರು ಹತ್ತುವಾಗ ಮಾತ್ರ ಅದೇ ಕಥೆ. ಆಮೇಲೆಯೇ ಅವರು ಕೆಲಸಕ್ಕೆ ಕೈ ಹಾಕಿದ್ದು. ನನಗೆ ನಂಬಿಕೆ ಬಂದಿದ್ದೇ ಇದರಿಂದ.

ಪಲ್ಸರ್ 220, ಅಪಾಚೆ ಆರ್‌ಟಿಆರ್ 200 4ವಿ ಥರದ ಬೈಕುಗಳಿಗೆ ಕಂಪನಿಯೇ ಕೂಲರ್ ಕೊಟ್ಟಿದೆ, ಎಣ್ಣೆ ಹೊರಗೆ ಹೋಗಿ ಬರಲು ದಾರಿ ಇರುತ್ತದೆ. ನನ್ನ ಬೈಕಿಗೆ ಆ ದಾರಿಯನ್ನೇ ಮಾಡಬೇಕಿತ್ತು. ಕ್ಲಚ್ ಕವರ್ ಬಿಚ್ಚಿ, ಪಂಪಿನಿಂದ ಇಂಜಿನ್ನಿನ ಮೇಲ್ಭಾಗದ ಹೆಡ್ಡಿಗೆ ಎಣ್ಣೆ ಹೋಗುವ ಕಡೆ ಲೇತ್‌ನವರ ಹತ್ತಿರ ತೂತು ಕೊರೆಸಿ ಥ್ರೆಡ್ ಹಾಕಿಸಿದರು. ಹಳೆಯ ದಾರಿಯನ್ನು ಪೂರ್ತಿ ಮುಚ್ಚಲಿಲ್ಲ, ಸಣ್ಣ ಕಿಂಡಿ ಉಳಿಸಿದರು. ನಾಳೆ ಪೈಪ್ ಕಟ್ಟಿಕೊಂಡರೂ ವಾಲ್ವ್ ಆಡಿಸುವ ಕ್ಯಾಮ್‌ಗೆ ಎಣ್ಣೆ ತಪ್ಪಬಾರದು ಅಂತ. ಪೈಪ್ ಹಾಕಿದ ಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲೂ ಎಳೆಯುವುದಿಲ್ಲ, ಸೈಲೆನ್ಸರಿಗೆ ತಾಗುವುದಿಲ್ಲ ಎಂದು ನೋಡಿದರು. ಸ್ಟಾರ್ಟ್ ಮಾಡುವ ಮುಂಚೆ ಪ್ಲಗ್ ತೆಗೆದು ಸುಮಾರು ಹೊತ್ತು ಕಿಕ್ಕರ್ ತುಳಿದರು. ಟ್ಯಾಪೆಟ್ ಮುಚ್ಚಳ ಬಿಚ್ಚಿ, ಮೇಲಕ್ಕೆ ಎಣ್ಣೆ ಬಂದಿದ್ದನ್ನು ನನಗೂ ತೋರಿಸಿದರು. ಇಷ್ಟು ಜೋಪಾನವಾಗಿ ಕೆಲಸ ಮಾಡುವವರು ಸಿಗುವುದು ಅಪರೂಪ.

ಕಿಟ್ ಬಗ್ಗೆ ಅಷ್ಟು ಹೊಗಳಲಾರೆ. ಆನ್‌ಲೈನಿನಲ್ಲಿ ತರಿಸಿದ್ದು, 2,600 ರೂಪಾಯಿ. ಅಲ್ಯೂಮಿನಿಯಂ ಕೂಲರ್ ಗಟ್ಟಿಯಾಗಿದೆ. ಜೊತೆಗೆ ಬಂದ ತಾಮ್ರದ ವಾಷರುಗಳಲ್ಲಿ ಮೊದಲ ದಿನವೇ ಎಣ್ಣೆ ಒಸರಿತು, ಅಣ್ಣ ಬೇರೆ ಹಾಕಿದರು. ತೆಳು ತಗಡಿನ ಕ್ಲಾಂಪನ್ನು ಪಕ್ಕಕ್ಕಿಟ್ಟು, ರಬ್ಬರ್ ಬುಷ್ ಕೊಟ್ಟು ಹೊಸ ಪಟ್ಟಿ ಮಾಡಿಸಿದರು. ಇಲ್ಲದಿದ್ದರೆ ಅದುರಾಟಕ್ಕೆ ಕೂಲರ್ ಬಿರುಕು ಬಿಡುತ್ತದೆ. ಲೇತ್ ಸೇರಿ ಕೂಲಿ 1,800.

ಈಗ ಅದೇ ಹೊರೆ ಹೊತ್ತು ಅದೇ ಏರು ಹತ್ತಿ, ಡ್ರೈನ್ ಬೋಲ್ಟ್ ಹತ್ತಿರ ಟೆಂಪರೇಚರ್ ಗನ್ ಹಿಡಿದರೆ ಮುಂಚೆಗಿಂತ ಸುಮಾರು 15 ಡಿಗ್ರಿ ಕಡಿಮೆ ತೋರಿಸುತ್ತದೆ. ನ್ಯೂಟ್ರಲ್ ಸಲೀಸಾಗಿ ಬೀಳುತ್ತದೆ. ಟ್ರಾಫಿಕ್‌ನಲ್ಲಿ ನಿಂತಾಗ ಮಾತ್ರ ಏನೂ ಲಾಭ ಇಲ್ಲ. ಬೈಕ್ ನಿಂತರೆ ಕೂಲರಿಗೂ ಗಾಳಿ ಇಲ್ಲ.

ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಓಡಿಸುವವರು ದಯವಿಟ್ಟು ಸುಮ್ನೆ ಹಾಕಿಸಬೇಡಿ. ಎಣ್ಣೆ ಚೆನ್ನಾಗಿ ಕಾದರೆ ತಾನೇ ಒಳಗಿನ ನೀರಿನ ಪಸೆ ಆರುವುದು? ಕಾಯದಿದ್ದರೆ ಎಣ್ಣೆ ಮುಚ್ಚಳದ ಒಳಗೆ ಹಾಲಿನ ಬಣ್ಣದ ಜಿಡ್ಡು ಕಟ್ಟುತ್ತದೆ. ಈ ಕಿಟ್ಟಿಗೆ ಥರ್ಮೋಸ್ಟಾಟ್ (ಎಣ್ಣೆ ಕಾಯುವ ತನಕ ಕೂಲರಿಗೆ ಬಿಡದ ವಾಲ್ವ್) ಇಲ್ಲ, ಹಾಗಾಗಿ ಚಳಿಗಾಲದ ಬೆಳಿಗ್ಗೆ ನಾನು ಅರ್ಧ ಕೂಲರಿಗೆ ತಗಡು ಅಡ್ಡ ಕಟ್ಟುತ್ತೇನೆ. ನಾಲೆ ರಸ್ತೆಯ ಕೆಸರು ಮುಂದಿನ ಚಕ್ರದಿಂದ ನೇರ ಕೂಲರಿಗೇ ಎರಚುತ್ತದೆ. ಮೃದು ಬ್ರಷ್‌ನಲ್ಲಿ ತೊಳೆಯಿರಿ. ವಾಟರ್ ಸರ್ವಿಸ್‌ನ ಜೋರು ನೀರು ಬಿದ್ದರೆ ಫಿನ್ ಮಡಚಿಕೊಳ್ಳುತ್ತವೆ.

ಆಯಿಲ್ ಬದಲಿಸುವಾಗ ಕೂಲರಿನ ಕೆಳಗಿನ ಪೈಪನ್ನೂ ಸಡಿಲಿಸಲು ಹೇಳಿ, ಹಳೇ ಎಣ್ಣೆ ಅಲ್ಲೇ ಉಳಿದಿರುತ್ತದೆ. ಹೊಸದು ಸುಮಾರು 100 ಮಿಲಿ ಜಾಸ್ತಿ ಹಿಡಿಯುತ್ತದೆ. ಕೂಲರ್ ಹಾಕಿಸಲು ಬೆಳಿಗ್ಗೆ ಬೈಕ್ ಬಿಟ್ಟರೆ ಸಂಜೆಗೆ ಸಿಗುವುದಿಲ್ಲ, ಲೇತ್ ಕೆಲಸಕ್ಕೆ ಇನ್ನೊಂದು ದಿನ ಹಿಡಿಯುತ್ತದೆ.