ಅಲರ್: ಪದ ಹುಡುಕುವವರ ಹೊತ್ತಿಗೆ ಬೆಲೆ ಕೊಡುವ ನಿಘಂಟು ತಾಣ

ಅನುವಾದ ಮಾಡುವವರಿಗೆ ನಿಘಂಟು ಬೇಕಾಗುವುದು ವಾಕ್ಯದ ನಟ್ಟನಡುವೆ. ಅರ್ಥ ಸಿಗುವುದು ಎರಡು ನಿಮಿಷ ತಡವಾದರೂ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ವಾಕ್ಯದ ಎಳೆ ಕೈತಪ್ಪಿಹೋಗುತ್ತದೆ. ನಾನು ಹಿಂದೆ ಬಳಸುತ್ತಿದ್ದ ನಿಘಂಟು ತಾಣವೊಂದರಲ್ಲಿ ಪದವನ್ನು ಟೈಪ್ ಮಾಡುವಷ್ಟರಲ್ಲಿ ಜಾಹೀರಾತು ತೆರೆದುಕೊಂಡು, ಪುಟವೇ ಕೆಳಕ್ಕೆ ಜಾರಿ, ಬೆರಳು ಬೇರೆಲ್ಲೋ ಒತ್ತಿಬಿಡುತ್ತಿತ್ತು. ಹಾಗಾಗಿ ಅಲರ್ ತಾಣವನ್ನು ಮೊದಲ ಸಲ ತೆರೆದಾಗ ಅದರ ಖಾಲಿತನವೇ ನನಗೆ ನೆಮ್ಮದಿ ಕೊಟ್ಟಿತು. ಹುಡುಕಲು ಒಂದು ಚೌಕ, ಅದರ ಕೆಳಗೆ ಅರ್ಥಗಳು, ಅಷ್ಟೇ. ಜಾಹೀರಾತಿಲ್ಲ, ಲಾಗಿನ್ ಇಲ್ಲ, ಶುಲ್ಕವೂ ಇಲ್ಲ.

ಈ ಸರಳ ಪುಟದ ಹಿಂದೆ ವಿ. ಕೃಷ್ಣ ಅವರ ಸುಮಾರು ನಾಲ್ಕು ದಶಕಗಳ ದುಡಿಮೆಯಿದೆ. ಅವರು ಸಂಗ್ರಹಿಸಿದ 1.5 ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳು, ಅವುಗಳ 2.4 ಲಕ್ಷಕ್ಕೂ ಹೆಚ್ಚು ಇಂಗ್ಲಿಷ್ ಅರ್ಥಗಳು 2019ರಲ್ಲಿ ಕೈಲಾಶ್ ನಾಧ್ ಅವರ ನೆರವಿನಿಂದ ಅಂತರ್ಜಾಲಕ್ಕೆ ಬಂದವು. ಮಲಯಾಳಂ ಓದುಗರಿಗೆ ಓಳಂ ನಿಘಂಟನ್ನು ಕಟ್ಟಿಕೊಟ್ಟವರೂ ನಾಧ್ ಅವರೇ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹುಡುಕಾಟದ ಕ್ರಮ. ಅಲ್ಪಪ್ರಾಣ, ಮಹಾಪ್ರಾಣಗಳ ಗೊಂದಲ ನಮ್ಮಲ್ಲಿ ಯಾರಿಗಿಲ್ಲ? ಕಾಗುಣಿತ ಗೊತ್ತಿಲ್ಲದೆ ನಿಘಂಟು ತೆರೆದವನಿಗೆ ಮುದ್ರಿತ ಪುಸ್ತಕ ಪದವನ್ನು ತೋರಿಸಲಾರದು. ಅಲರ್ ಪದಗಳನ್ನು ಉಚ್ಚಾರಣೆಯ ಹೋಲಿಕೆಯಿಂದಲೂ ಹುಡುಕುವುದರಿಂದ 'ದ್ವನಿ' ಎಂದು ತಪ್ಪಾಗಿ ಬರೆದವರನ್ನೂ 'ಧ್ವನಿ'ಗೆ ತಲುಪಿಸುತ್ತದೆ. ಕನ್ನಡ ಕೀಲಿಮಣೆ ಇಲ್ಲದವರು ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಪದವನ್ನು ಬರೆಯಬಹುದು. ಹೊರದೇಶದಲ್ಲಿ ಬೆಳೆಯುತ್ತಿರುವ, ಕನ್ನಡ ಮಾತು ಬಂದರೂ ಬರಹ ಬಾರದ ನಮ್ಮ ಮಕ್ಕಳಿಗೆ ಇದು ದೊಡ್ಡ ಉಪಕಾರವೆಂದೇ ನಾನು ಭಾವಿಸುತ್ತೇನೆ. ನಿಘಂಟಿನ ಇಡೀ ದತ್ತಾಂಶವನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿರುವುದರಿಂದ ಯಾರು ಬೇಕಾದರೂ ಅದನ್ನು ಇಳಿಸಿಕೊಂಡು ತಮ್ಮದೇ ಆ್ಯಪ್ ಕಟ್ಟಬಹುದು.

ಕೊರತೆಯನ್ನೂ ಹೇಳಬೇಕು. ಅರ್ಥಗಳೆಲ್ಲ ಇಂಗ್ಲಿಷಿನಲ್ಲಿವೆ, ಪ್ರಯೋಗದ ವಾಕ್ಯಗಳಿಲ್ಲ. 'ನೆರೆ' ಎಂಬ ಒಂದೇ ಪದ ಪ್ರವಾಹವೂ ಹೌದು, ಪಕ್ಕದ ಮನೆಯೂ ಹೌದು, ಜನ ಗುಂಪುಗೂಡುವುದೂ ಹೌದು. ಇವುಗಳಲ್ಲಿ ಯಾವುದು ಎಲ್ಲಿ ಸಲ್ಲುತ್ತದೆ ಎಂಬುದನ್ನು ಅರ್ಥಗಳ ಪಟ್ಟಿಯೊಂದೇ ತಿಳಿಸಿಕೊಡಲಾರದು. ಅಂಥ ಸಂದರ್ಭದಲ್ಲಿ ನಾನು ಇಂದಿಗೂ ಎದ್ದುಹೋಗಿ, ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳಲ್ಲಿ ಬೇಕಾದುದನ್ನು ಕಪಾಟಿನಿಂದ ಇಳಿಸಿಕೊಂಡು, ಹಳೆಯ ಕವಿಗಳು ಆ ಪದವನ್ನು ಹೇಗೆ ಬಳಸಿದ್ದರೆಂದು ನೋಡಿಯೇ ಮುಂದುವರಿಯುತ್ತೇನೆ.